ಎಸ್‌ಎಸ್‌ಎಚ್ ಮೇಲೆ ಪಾಸ್‌ವರ್ಡ್ ಊಹೆಯ ದಾಳಿ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಎಸ್‌ಎಸ್‌ಎಚ್ ಎಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವ್ಯವಸ್ಥೆ; ಅದು ಸಾಮಾನ್ಯವಾಗಿ 22ನೇ ಪೋರ್ಟ್‌ನಲ್ಲಿ ಕಾಯುತ್ತಿರುತ್ತದೆ. ಸಾರ್ವಜನಿಕ ಐಪಿ ವಿಳಾಸವಿರುವ ಯಾವುದೇ ಲಿನಕ್ಸ್ ಸರ್ವರ್‌ನ 22ನೇ ಪೋರ್ಟ್ ತೆರೆದಿದ್ದರೆ, ಯಾರೂ ಕರೆಯದಿದ್ದರೂ ಅಪರಿಚಿತರು ಬಂದು ಬಾಗಿಲು ತಟ್ಟುತ್ತಲೇ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಮನುಷ್ಯರಲ್ಲ. ಇಂಟರ್ನೆಟ್‌ನ ವಿಳಾಸಗಳನ್ನು ಒಂದೊಂದಾಗಿ ಹುಡುಕುತ್ತಾ, ಸಿಕ್ಕಲ್ಲೆಲ್ಲ ಸಾಮಾನ್ಯ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿಯನ್ನು ಪ್ರಯೋಗಿಸುವ ಪ್ರೋಗ್ರಾಂಗಳು. 2014ರಲ್ಲಿ ಪತ್ತೆಯಾದ ಕ್ಸಾರ್ ಡಿಡಾಸ್ ಮತ್ತು 2020ರಲ್ಲಿ ಬೆಳಕಿಗೆ ಬಂದ ಫ್ರಿಟ್ಜ್‌ಫ್ರಾಗ್ ಎಂಬ ಕುತಂತ್ರಾಂಶಗಳು ಹರಡಿದ್ದು ಇದೇ ದಾರಿಯಲ್ಲಿ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಸಂಸ್ಥೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅದರ ಲಾಗ್‌ನಲ್ಲಿ ಪ್ರತಿದಿನ ಸಾವಿರಾರು ವಿಫಲ ಪ್ರಯತ್ನಗಳು ದಾಖಲಾಗುತ್ತಿದ್ದವು. ನಾವು ಅವುಗಳನ್ನು ಎಣಿಸಿ, ವಿಳಾಸಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಫೈರ್‌ವಾಲ್‌ಗೆ ಸೇರಿಸುವುದರಲ್ಲಿ ಮುಳುಗಿದ್ದೆವು. ಅದೇ ಲಾಗ್‌ನ ನಡುವೆ, ಯಾರೋ ಪರೀಕ್ಷೆಗೆಂದು ತೆರೆದು ಮರೆತಿದ್ದ ‘ಟೆಸ್ಟ್’ ಎಂಬ ಖಾತೆಗೆ ಅಪರಿಚಿತ ವಿಳಾಸದಿಂದ ಲಾಗಿನ್ ಯಶಸ್ವಿಯಾಗಿದೆ ಎಂಬ ಒಂದೇ ಒಂದು ಸಾಲು ಇತ್ತು. ನಮ್ಮ ಸರ್ವರ್‌ನಿಂದ ಬೇರೆಯವರ ಮೇಲೆ ದಾಳಿ ನಡೆಯುತ್ತಿದೆ ಎಂದು ಡೇಟಾ ಸೆಂಟರ್‌ನವರು ಬರೆದು ತಿಳಿಸುವವರೆಗೂ ಆ ಸಾಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಸೋತ ಪ್ರಯತ್ನಗಳ ಎಣಿಕೆಯಲ್ಲಿ ಗೆದ್ದ ಪ್ರಯತ್ನ ಕಳೆದುಹೋಗಬಾರದು. ಈ ಕೈಪಿಡಿಯ ಕ್ರಮವೆಲ್ಲ ಆ ಪಾಠದ ಮೇಲೆಯೇ ನಿಂತಿದೆ.

ಕಮಾಂಡ್‌ಗಳ ಮತ್ತು ಸೆಟ್ಟಿಂಗ್‌ಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕೈ ಹಚ್ಚುವ ಮುನ್ನ

ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಿಸುವಾಗ ಆಗುವ ಅತಿ ಸಾಮಾನ್ಯ ಅನಾಹುತವೆಂದರೆ, ದಾಳಿಕೋರರ ಬದಲು ನಾವೇ ಹೊರಗೆ ಉಳಿಯುವುದು. ಆದ್ದರಿಂದ ಮೂರು ವಿಷಯಗಳನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಒಂದು, ಸರ್ವರ್ ಕೊಟ್ಟ ಕಂಪನಿಯ ಜಾಲತಾಣದಲ್ಲಿರುವ ಕನ್ಸೋಲ್ ಮೂಲಕ, ಎಸ್‌ಎಸ್‌ಎಚ್ ಇಲ್ಲದೆಯೇ ಒಳಗೆ ಹೋಗಲು ಸಾಧ್ಯವೇ ಎಂದು ಇವತ್ತೇ ಪರೀಕ್ಷಿಸಿ. ಬಾಗಿಲು ಮುಚ್ಚಿಹೋದ ಮೇಲೆ ಕನ್ಸೋಲ್‌ನ ಪಾಸ್‌ವರ್ಡ್ ಹುಡುಕುವುದು ಬಹಳ ಕಷ್ಟ. ಎರಡು, ಬದಲಾವಣೆ ಮಾಡುವಾಗ ಈಗಾಗಲೇ ತೆರೆದಿರುವ ಲಾಗಿನ್ ಕಿಟಕಿಯನ್ನು ಮುಚ್ಚಬೇಡಿ. ಎಸ್‌ಎಸ್‌ಎಚ್ ಸೇವೆಯನ್ನು ಮರುಪ್ರಾರಂಭಿಸಿದರೂ ಹಳೆಯ ಸಂಪರ್ಕ ಸಾಮಾನ್ಯವಾಗಿ ಕಡಿಯುವುದಿಲ್ಲ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ, ಅದು ಕೆಲಸ ಮಾಡಿದ ಮೇಲೆಯೇ ಹಳೆಯದನ್ನು ಬಿಡಿ. ಮೂರು, ಕಾನ್ಫಿಗ್ ಫೈಲ್‌ನ ಪ್ರತಿ ತೆಗೆದಿಟ್ಟುಕೊಳ್ಳಿ, ಮತ್ತು ಮರುಪ್ರಾರಂಭಕ್ಕೆ ಮುನ್ನ ‘ಎಸ್‌ಎಸ್‌ಎಚ್‌ಡಿ’ ಕಮಾಂಡನ್ನು ಸಣ್ಣಕ್ಷರದ ‘ಟಿ’ ಆಯ್ಕೆಯೊಂದಿಗೆ ಓಡಿಸಿ. ಫೈಲ್‌ನಲ್ಲಿ ತಪ್ಪಿದ್ದರೆ ಅದು ಸಾಲಿನ ಸಂಖ್ಯೆಯ ಸಮೇತ ಹೇಳುತ್ತದೆ. ತಪ್ಪಿಲ್ಲದಿದ್ದರೆ ಏನನ್ನೂ ಹೇಳದೆ ಸುಮ್ಮನಿರುತ್ತದೆ.

ಲಕ್ಷಣ: ಲಾಗ್‌ನಲ್ಲಿ ವಿಫಲ ಲಾಗಿನ್‌ಗಳ ಸುರಿಮಳೆ

ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಈ ದಾಖಲೆ ‘ವರ್’ ಫೋಲ್ಡರ್‌ನ ಒಳಗಿರುವ ‘ಲಾಗ್’ ಫೋಲ್ಡರ್‌ನಲ್ಲಿ ‘ಆಥ್ ಡಾಟ್ ಲಾಗ್’ ಎಂಬ ಹೆಸರಿನಲ್ಲಿರುತ್ತದೆ. ರೆಡ್‌ಹ್ಯಾಟ್, ರಾಕಿ, ಆಲ್ಮಾ ಬಳಗದಲ್ಲಿ ಅದೇ ಜಾಗದಲ್ಲಿ ‘ಸೆಕ್ಯೂರ್’ ಎಂಬ ಹೆಸರಿರುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಆಚೆಗೆ, ಹೊಸದಾಗಿ ಸ್ಥಾಪಿಸಿದ ಸರ್ವರ್‌ಗಳಲ್ಲಿ ಈ ಫೈಲೇ ಇರದಿರಬಹುದು. ಆಗ ಗಾಬರಿಯಾಗುವ ಅಗತ್ಯವಿಲ್ಲ. ‘ಜರ್ನಲ್‌ಸಿಟಿಎಲ್’ ಕಮಾಂಡಿಗೆ ಎಸ್‌ಎಸ್‌ಎಚ್ ಸೇವೆಯ ಹೆಸರು ಕೊಟ್ಟರೆ ಅದೇ ಮಾಹಿತಿ ದೊರೆಯುತ್ತದೆ. ಸೇವೆಯ ಹೆಸರು ಡೆಬಿಯನ್ ಬಳಗದಲ್ಲಿ ‘ಎಸ್‌ಎಸ್‌ಎಚ್’, ರೆಡ್‌ಹ್ಯಾಟ್ ಬಳಗದಲ್ಲಿ ‘ಎಸ್‌ಎಸ್‌ಎಚ್‌ಡಿ’.

ವಿಫಲ ಸಾಲುಗಳಲ್ಲಿ ಎರಡು ಬಗೆಯಿರುತ್ತವೆ, ಮತ್ತು ಅವುಗಳ ಅರ್ಥ ಬೇರೆ ಬೇರೆ. ‘ಇನ್‌ವ್ಯಾಲಿಡ್ ಯೂಸರ್’ ಎಂದು ಬಂದರೆ ಆ ಹೆಸರಿನ ಖಾತೆಯೇ ನಿಮ್ಮ ಸರ್ವರ್‌ನಲ್ಲಿಲ್ಲ. ಅಡ್ಮಿನ್, ಉಬುಂಟು, ಟೆಸ್ಟ್, ಒರಾಕಲ್, ಪೋಸ್ಟ್‌ಗ್ರೆಸ್, ಗಿಟ್ ಮುಂತಾದ ಹೆಸರುಗಳನ್ನು ಪ್ರೋಗ್ರಾಂ ಕುರುಡಾಗಿ ಪ್ರಯತ್ನಿಸುತ್ತಿದೆ ಎಂದರ್ಥ. ‘ಪೈ’ ಎಂಬ ಹೆಸರೂ ಈ ಪಟ್ಟಿಗಳಲ್ಲಿ ಕಾಣುತ್ತದೆ, ಏಕೆಂದರೆ ರಾಸ್ಪ್‌ಬೆರಿ ಪೈ ಯಂತ್ರಗಳು 2022ರವರೆಗೂ ಆ ಹೆಸರಿನ ಖಾತೆ ಮತ್ತು ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್‌ನೊಂದಿಗೆ ಬರುತ್ತಿದ್ದವು. ಇಂತಹ ಸಾಲುಗಳಿಂದ ಅಪಾಯ ಕಡಿಮೆ. ಆದರೆ ‘ಇನ್‌ವ್ಯಾಲಿಡ್’ ಎಂಬ ಪದವಿಲ್ಲದೆ, ನಿಮ್ಮಲ್ಲಿ ನಿಜವಾಗಿಯೂ ಇರುವ ಹೆಸರಿಗೆ ಪಾಸ್‌ವರ್ಡ್ ತಪ್ಪಾಗಿದೆ ಎಂಬ ಸಾಲುಗಳಿದ್ದರೆ ಎಚ್ಚರವಹಿಸಿ. ಎಲ್ಲ ಅಧಿಕಾರವೂ ಇರುವ ರೂಟ್ ಖಾತೆ ಎಲ್ಲ ಲಿನಕ್ಸ್‌ನಲ್ಲೂ ಇರುವುದರಿಂದ ಅದು ಈ ಗುಂಪಿಗೇ ಸೇರುತ್ತದೆ. ಸಂಸ್ಥೆಯೊಳಗಿನವರಿಗೆ ಮಾತ್ರ ಗೊತ್ತಿರಬೇಕಾದ ಹೆಸರಿನ ಮೇಲೆ ಪ್ರಯತ್ನಗಳು ನಡೆಯುತ್ತಿದ್ದರೆ ನಿಮ್ಮ ಮಾಹಿತಿ ಎಲ್ಲಿಂದಲೋ ಸೋರಿರುವ ಸಾಧ್ಯತೆಯಿದೆ. ಅದು ಕುರುಡು ದಾಳಿಯಲ್ಲ.

ಇನ್ನು ಪ್ರತಿಯೊಂದು ವಿಳಾಸದಿಂದ ಎಷ್ಟು ಪ್ರಯತ್ನ ಎಂಬುದನ್ನು ನೋಡಿ. ವಿಳಾಸಗಳನ್ನು ಮಾತ್ರ ಬೇರ್ಪಡಿಸಿ, ‘ಸಾರ್ಟ್’ ಮತ್ತು ‘ಯೂನಿಕ್’ ಕಮಾಂಡ್‌ಗಳಿಂದ ಎಣಿಕೆ ಮಾಡಿದರೆ ಸಾಕು. ಎರಡು ಮೂರು ವಿಳಾಸಗಳಿಂದ ನೂರಾರು ಪ್ರಯತ್ನಗಳಿದ್ದರೆ ಅದನ್ನು ತಡೆಯುವುದು ಸುಲಭ. ನೂರಾರು ವಿಳಾಸಗಳಿಂದ ಒಂದೊಂದೇ ಎರಡೆರಡೇ ಪ್ರಯತ್ನಗಳಿದ್ದರೆ, ದಾಳಿಕೋರರು ತಡೆಗಳನ್ನು ತಪ್ಪಿಸಿಕೊಳ್ಳಲೆಂದೇ ಕೆಲಸವನ್ನು ಹಂಚಿಕೊಂಡಿದ್ದಾರೆ. ಈ ಎರಡನೆಯ ಬಗೆಗೆ ವಿಳಾಸ ತಡೆಯುವ ಯಾವ ಉಪಾಯವೂ ಪೂರ್ತಿಯಾಗಿ ನಾಟುವುದಿಲ್ಲ. ಪಾಸ್‌ವರ್ಡ್‌ನಿಂದ ಒಳಬರುವ ದಾರಿಯನ್ನೇ ಮುಚ್ಚಬೇಕು.

ಲಕ್ಷಣ: ಯಶಸ್ವಿ ಲಾಗಿನ್ ಒಂದು ಗುರುತಿಗೆ ಸಿಗುತ್ತಿಲ್ಲ

ಏನನ್ನೂ ಬದಲಿಸುವ ಮುನ್ನ ಮಾಡಲೇಬೇಕಾದ, ಒಂದು ಪೈಸೆಯೂ ಖರ್ಚಿಲ್ಲದ ಪರೀಕ್ಷೆ ಇದು. ಅದೇ ಲಾಗ್‌ನಲ್ಲಿ ‘ಆಕ್ಸೆಪ್ಟೆಡ್’ ಎಂಬ ಪದವಿರುವ ಸಾಲುಗಳನ್ನಷ್ಟೇ ಹುಡುಕಿ. ಸಣ್ಣ ಸರ್ವರ್ ಆಗಿದ್ದರೆ ಆ ಸಾಲುಗಳು ಕೈಬೆರಳಲ್ಲಿ ಎಣಿಸುವಷ್ಟು ಇರುತ್ತವೆ. ಪ್ರತಿ ಸಾಲಿನಲ್ಲೂ ಖಾತೆಯ ಹೆಸರು, ಬಂದ ವಿಳಾಸ, ಸಮಯ, ಬಂದದ್ದು ಪಾಸ್‌ವರ್ಡ್‌ನಿಂದಲೋ ಕೀಯಿಂದಲೋ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ಎಂಬುದು ಇರುತ್ತದೆ. ‘ಲಾಸ್ಟ್’ ಕಮಾಂಡ್ ಕೂಡ ಲಾಗಿನ್‌ಗಳ ಪಟ್ಟಿ ಕೊಡುತ್ತದೆ, ಆದರೆ ಕೆಲವು ಹೊಸ ಆವೃತ್ತಿಗಳಲ್ಲಿ ಅದು ತಾನಾಗಿ ಬರುವುದಿಲ್ಲ.

ಪ್ರತಿ ಸಾಲನ್ನೂ ‘ಇದು ಯಾರು?’ ಎಂದು ಕೇಳಿಕೊಳ್ಳಿ. ನಮ್ಮ ದೇಶದಲ್ಲಿ ಇದಕ್ಕೆ ಉತ್ತರಿಸುವಾಗ ಒಂದು ತೊಡಕಿದೆ: ಮೊಬೈಲ್ ಡೇಟಾದಲ್ಲಿ, ಹಲವು ಮನೆಯ ಬ್ರಾಡ್‌ಬ್ಯಾಂಡ್‌ಗಳಲ್ಲಿ ಕೂಡ, ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ ಮತ್ತು ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತ ಸಹೋದ್ಯೋಗಿಯ ವಿಳಾಸ ಬೇರೆ ರಾಜ್ಯದ ಊರಿನಲ್ಲಿರುವಂತೆ ತೋರಿಸಬಹುದು. ಆದ್ದರಿಂದ ವಿಳಾಸವೊಂದನ್ನೇ ನಂಬಿ ತೀರ್ಮಾನಿಸಬೇಡಿ. ಆ ಸಮಯದಲ್ಲಿ ನೀವೇ ಒಳಗೆ ಬಂದಿದ್ದಿರಾ ಎಂದು ಖಾತೆಯವರನ್ನು ಫೋನಿನಲ್ಲಿ ಕೇಳಿ. ಆ ಖಾತೆಗೆ ಬರುವ ಮೇಲ್‌ನಲ್ಲಿ ಕೇಳಬೇಡಿ, ಅದೂ ಬೇರೆಯವರ ಕೈಯಲ್ಲಿರಬಹುದು.

ವಿವರಣೆ ಸಿಗದ ಒಂದೇ ಒಂದು ಯಶಸ್ವಿ ಲಾಗಿನ್ ಉಳಿದರೂ ಇಲ್ಲಿಗೇ ನಿಲ್ಲಿಸಿ, ಕೊನೆಯ ಭಾಗಕ್ಕೆ ಹೋಗಿ. ಒಳಗೆ ಬಂದವರು ಇರುವಾಗ ಬಾಗಿಲಿಗೆ ಬೀಗ ಬದಲಿಸುವುದರಿಂದ ಪ್ರಯೋಜನವಿಲ್ಲ, ಮತ್ತು ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ಸಾಕ್ಷ್ಯವನ್ನು ಅಳಿಸುತ್ತದೆ.

ಲಕ್ಷಣ: ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದ್ದೇನೆ, ಆದರೂ ಸರ್ವರ್ ಪಾಸ್‌ವರ್ಡ್ ಕೇಳುತ್ತಿದೆ

ಪಾಸ್‌ವರ್ಡ್ ಬದಲು ಕೀ ಜೋಡಿಯಿಂದ ಮಾತ್ರ ಒಳಗೆ ಬಿಡುವುದು ಈ ದಾಳಿಗೆ ನಿಜವಾದ ಮದ್ದು. ನಿಮ್ಮ ಕಂಪ್ಯೂಟರ್‌ನಲ್ಲಿ ‘ಎಸ್‌ಎಸ್‌ಎಚ್ ಕೀಜೆನ್’ ಕಮಾಂಡಿನಿಂದ ಇಡಿ25519 ಬಗೆಯ ಕೀ ತಯಾರಿಸಿ, ಅದಕ್ಕೆ ಒಂದು ಪಾಸ್‌ಫ್ರೇಸ್ ಕೊಟ್ಟು, ಅದರ ಸಾರ್ವಜನಿಕ ಭಾಗವನ್ನು ‘ಎಸ್‌ಎಸ್‌ಎಚ್ ಕಾಪಿ ಐಡಿ’ ಕಮಾಂಡಿನಿಂದ ಸರ್ವರ್‌ಗೆ ಕಳಿಸಿ. ಕೀಯಿಂದ ಲಾಗಿನ್ ಆಗುತ್ತಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ‘ಪಾಸ್‌ವರ್ಡ್ ಅಥೆಂಟಿಕೇಶನ್’ ಎಂಬ ಸೆಟ್ಟಿಂಗನ್ನು ‘ನೋ’ ಮಾಡಿ. ಕೀ ಇದ್ದರೂ ಒಳಗೆ ಬಿಡದಿದ್ದರೆ ಹೆಚ್ಚಿನ ಸಲ ಕಾರಣ ಫೋಲ್ಡರ್‌ನ ಅನುಮತಿ: ಬಳಕೆದಾರರ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಒಳಗಿನ ‘ಆಥರೈಸ್ಡ್ ಕೀಸ್’ ಫೈಲ್‌ಗೆ 600 ಇರಲಿ, ಹೋಮ್ ಫೋಲ್ಡರ್‌ಗೆ ಬೇರೆಯವರು ಬರೆಯುವ ಅನುಮತಿ ಇರದಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಪಾಸ್‌ವರ್ಡ್ ಕೇಳುತ್ತಿದ್ದರೆ, ಬಹಳ ಜನ ಅದೇ ಫೈಲ್‌ನ ಅದೇ ಸಾಲನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ದೋಷ ಅಲ್ಲಿರುವುದಿಲ್ಲ. ಎಸ್‌ಎಸ್‌ಎಚ್ ತನ್ನ ಸೆಟ್ಟಿಂಗ್‌ಗಳನ್ನು ಓದುವಾಗ ಒಂದು ವಿಷಯಕ್ಕೆ ಮೊದಲು ಸಿಕ್ಕ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ಬರುವುದನ್ನು ಲೆಕ್ಕಿಸುವುದಿಲ್ಲ. ಈಗಿನ ಉಬುಂಟು, ಡೆಬಿಯನ್, ರೆಡ್‌ಹ್ಯಾಟ್‌ಗಳಲ್ಲಿ ಮುಖ್ಯ ಫೈಲ್‌ನ ಆರಂಭದಲ್ಲೇ ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ’ ಎಂಬ ಫೋಲ್ಡರ್‌ನ ಫೈಲ್‌ಗಳನ್ನು ಓದಿಕೊಳ್ಳಬೇಕೆಂಬ ಸಾಲು ಇರುತ್ತದೆ. ಕ್ಲೌಡ್ ಸರ್ವರ್‌ಗಳಲ್ಲಿ ಆ ಫೋಲ್ಡರ್‌ನೊಳಗೆ ‘50 ಕ್ಲೌಡ್ ಇನಿಟ್’ ಎಂಬ ಹೆಸರಿನ ಫೈಲ್ ಕುಳಿತು, ಪಾಸ್‌ವರ್ಡ್‌ಗೆ ‘ಯೆಸ್’ ಎಂದಿರಬಹುದು. ನೀವು ಕೆಳಗೆ ಬರೆದ ‘ನೋ’ಗೆ ಆಗ ಬೆಲೆಯೇ ಇಲ್ಲ. ಇದಕ್ಕೆ ಪರಿಹಾರ ಊಹಿಸುವುದಲ್ಲ, ಕೇಳುವುದು: ‘ಎಸ್‌ಎಸ್‌ಎಚ್‌ಡಿ’ ಕಮಾಂಡನ್ನು ಈ ಸಲ ದೊಡ್ಡಕ್ಷರದ ‘ಟಿ’ ಆಯ್ಕೆಯೊಂದಿಗೆ ಓಡಿಸಿದರೆ, ಎಲ್ಲ ಫೈಲ್‌ಗಳನ್ನೂ ಓದಿದ ಮೇಲೆ ನಿಜಕ್ಕೂ ಜಾರಿಗೆ ಬರುವ ಬೆಲೆಗಳನ್ನು ಅದು ಪಟ್ಟಿ ಮಾಡುತ್ತದೆ. ನನ್ನ ಅನುಭವದಲ್ಲಿ ಈ ಒಂದು ಕಮಾಂಡ್ ಉಳಿಸಿದಷ್ಟು ಸಮಯವನ್ನು ಬೇರೆ ಯಾವುದೂ ಉಳಿಸಿಲ್ಲ.

ಆ ಪಟ್ಟಿಯಲ್ಲಿ ಇನ್ನೂ ಎರಡನ್ನು ನೋಡಿ. ‘ಕೆಬಿಡಿ ಇಂಟರ್ಯಾಕ್ಟಿವ್ ಅಥೆಂಟಿಕೇಶನ್’ ಎಂಬುದು ‘ಯೆಸ್’ ಆಗಿದ್ದು, ಪ್ಯಾಮ್ (ಲಿನಕ್ಸ್‌ನ ಗುರುತು ಪರಿಶೀಲನೆಯ ವ್ಯವಸ್ಥೆ) ಕೂಡ ಚಾಲ್ತಿಯಲ್ಲಿದ್ದರೆ, ಮುಂಬಾಗಿಲು ಮುಚ್ಚಿದರೂ ಪಾಸ್‌ವರ್ಡ್ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ಚಾಲೆಂಜ್ ರೆಸ್ಪಾನ್ಸ್ ಅಥೆಂಟಿಕೇಶನ್’ ಎಂದಿತ್ತು. ಇನ್ನೊಂದು ‘ಪರ್ಮಿಟ್ ರೂಟ್ ಲಾಗಿನ್’. 2015ರಲ್ಲಿ ಬಂದ ಓಪನ್ ಎಸ್‌ಎಸ್‌ಎಚ್ 7.0ರಿಂದ ರೂಟ್‌ಗೆ ಪಾಸ್‌ವರ್ಡ್‌ನಿಂದ ಒಳಬರಲು ಮೂಲತಃ ಅವಕಾಶವಿಲ್ಲ, ಆದರೆ ಸರ್ವರ್ ಬಾಡಿಗೆಗೆ ಕೊಡುವ ಎಷ್ಟೋ ಕಂಪನಿಗಳು ಅನುಕೂಲಕ್ಕೆಂದು ಅದನ್ನು ಮತ್ತೆ ತೆರೆದಿರುತ್ತವೆ.

ಒಂದು ಎಚ್ಚರಿಕೆಯ ಮಾತು. ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಅಕೌಂಟ್ಸ್ ವಿಭಾಗದವರು ಫೈಲ್ ಕಳಿಸುವ ಪ್ರೋಗ್ರಾಂ ಇಂತಹವು ಇನ್ನೂ ಪಾಸ್‌ವರ್ಡ್ ಬಳಸುತ್ತಿರಬಹುದು. ಹಿಂದಿನ ಒಂದು ತಿಂಗಳ ಲಾಗ್‌ನಲ್ಲಿ ಪಾಸ್‌ವರ್ಡ್‌ನಿಂದ ಯಶಸ್ವಿಯಾಗಿ ಬಂದವರು ಯಾರೆಂದು ನೋಡಿ, ಅವರಿಗೆಲ್ಲ ಕೀ ಕೊಟ್ಟ ಮೇಲೆ ಮುಚ್ಚಿ. ಇಲ್ಲದಿದ್ದರೆ ಬ್ಯಾಕಪ್ ನಿಂತಿರುವುದು ಗೊತ್ತಾಗುವುದು, ಬ್ಯಾಕಪ್ ಬೇಕಾದ ದಿನವೇ.

ಲಕ್ಷಣ: ಫೇಲ್‌ಟುಬ್ಯಾನ್ ಹಾಕಿದ್ದರೂ ಯಾರನ್ನೂ ತಡೆಯುತ್ತಿಲ್ಲ

ಫೇಲ್‌ಟುಬ್ಯಾನ್ ಲಾಗ್ ಓದುತ್ತಾ ಕುಳಿತು, ನಿಗದಿತ ಸಮಯದಲ್ಲಿ ನಿಗದಿತ ಸಂಖ್ಯೆಯಷ್ಟು ಸಲ ಸೋತ ವಿಳಾಸವನ್ನು ಫೈರ್‌ವಾಲ್‌ನಲ್ಲಿ ತಡೆಯುವ ಪ್ರೋಗ್ರಾಂ. ಅದರ ಮೂಲ ಲೆಕ್ಕ ಹೀಗಿದೆ: 10 ನಿಮಿಷದೊಳಗೆ 5 ಸೋಲು, ಆಮೇಲೆ 10 ನಿಮಿಷ ತಡೆ. ಅದು ಕೆಲಸ ಮಾಡದಿರಲು ಕಾರಣಗಳು ಸರಪಳಿಯಂತಿವೆ, ಹುಡುಕುವಾಗಲೂ ಅದೇ ಕ್ರಮದಲ್ಲಿ ಹೋಗಬೇಕು.

ಮೊದಲು ಅದು ನಿಜಕ್ಕೂ ಓಡುತ್ತಿದೆಯೇ ನೋಡಿ. ಡೆಬಿಯನ್ 12ರಲ್ಲಿ ಅದನ್ನು ಸ್ಥಾಪಿಸಿದ ಎಷ್ಟೋ ಜನರಿಗೆ, ಲಾಗ್ ಫೈಲ್ ಸಿಗಲಿಲ್ಲವೆಂದು ಅದು ಆರಂಭದಲ್ಲೇ ಸತ್ತಿರುವುದು ಗೊತ್ತೇ ಇರುವುದಿಲ್ಲ. ‘ಬ್ಯಾಕೆಂಡ್’ ಎಂಬ ಸೆಟ್ಟಿಂಗನ್ನು ‘ಸಿಸ್ಟಂಡಿ’ ಎಂದು ಬದಲಿಸಿದರೆ ಅದು ಫೈಲ್ ಬದಲು ಜರ್ನಲ್ ಓದುತ್ತದೆ. ಬದಲಾವಣೆಗಳನ್ನು ‘ಜೈಲ್ ಡಾಟ್ ಕಾನ್ಫ್’ನಲ್ಲಿ ಮಾಡದೆ ‘ಜೈಲ್ ಡಾಟ್ ಲೋಕಲ್’ ಎಂಬ ಬೇರೆ ಫೈಲ್‌ನಲ್ಲಿ ಬರೆಯಿರಿ. ಮೊದಲನೆಯದು ಅಪ್‌ಡೇಟ್ ಆದಾಗ ಬದಲಾಗಿಹೋಗಬಹುದು.

ಓಡುತ್ತಿದ್ದರೆ, ‘ಫೇಲ್‌ಟುಬ್ಯಾನ್ ಕ್ಲೈಂಟ್’ ಕಮಾಂಡಿಗೆ ಎಸ್‌ಎಸ್‌ಎಚ್‌ಡಿ ಜೈಲಿನ (ಆ ಸೇವೆಗೆಂದು ಇರುವ ತಡೆ ನಿಯಮಗಳ ಗುಂಪು) ಸ್ಥಿತಿ ಕೇಳಿ. ಒಟ್ಟು ಸೋಲುಗಳ ಎಣಿಕೆ ಸೊನ್ನೆಯಾಗಿದ್ದು, ಲಾಗ್‌ನಲ್ಲಿ ಮಾತ್ರ ಸೋಲುಗಳು ಸುರಿಯುತ್ತಿದ್ದರೆ, ಅದು ಲಾಗ್ ಸಾಲುಗಳನ್ನು ಗುರುತಿಸುತ್ತಿಲ್ಲ. 2024ರ ಜುಲೈ 1ರಂದು ಬಂದ ಓಪನ್ ಎಸ್‌ಎಸ್‌ಎಚ್ 9.8ರಲ್ಲಿ ಲಾಗಿನ್ ಕೆಲಸವನ್ನು ‘ಎಸ್‌ಎಸ್‌ಎಚ್‌ಡಿ ಸೆಷನ್’ ಎಂಬ ಪ್ರತ್ಯೇಕ ಪ್ರೋಗ್ರಾಂಗೆ ವಹಿಸಲಾಯಿತು, ಲಾಗ್‌ನಲ್ಲಿಯೂ ಅದೇ ಹೆಸರು ಬರತೊಡಗಿತು. ಹಳೆಯ ಫೇಲ್‌ಟುಬ್ಯಾನ್ ಹಳೆಯ ಹೆಸರನ್ನೇ ಹುಡುಕುತ್ತಿದ್ದುದರಿಂದ ಅದಕ್ಕೆ ಏನೂ ಕಾಣುವುದಿಲ್ಲ. ಇದಕ್ಕೆ ಹೊಸ ಆವೃತ್ತಿ ಹಾಕುವುದೇ ಪರಿಹಾರ. ಪಾಸ್‌ವರ್ಡ್ ಲಾಗಿನ್ ಮುಚ್ಚಿದ ಮೇಲೂ ಎಣಿಕೆ ಕಡಿಮೆಯಾಗುತ್ತದೆ, ಏಕೆಂದರೆ ದಾಳಿಕೋರರು ಪಾಸ್‌ವರ್ಡ್ ಕೊಡುವ ಹಂತಕ್ಕೆ ಬರುವ ಮೊದಲೇ ಸಂಪರ್ಕ ಕಡಿಯುತ್ತದೆ. ಇದು ದೋಷವಲ್ಲ. ಅಂಥವರನ್ನೂ ತಡೆಯಬೇಕೆಂದಿದ್ದರೆ ಜೈಲಿನ ‘ಮೋಡ್’ ಅನ್ನು ‘ಅಗ್ರೆಸಿವ್’ ಮಾಡಬಹುದು.

ಎಣಿಕೆ ಸರಿಯಿದ್ದು, ತಡೆದ ವಿಳಾಸಗಳ ಪಟ್ಟಿಯೂ ಇದ್ದು, ಆ ವಿಳಾಸಗಳು ಮಾತ್ರ ಬರುತ್ತಲೇ ಇದ್ದರೆ, ದೋಷವಿರುವುದು ಫೈರ್‌ವಾಲ್ ಬದಿಯಲ್ಲಿ. ನೀವು ಎಸ್‌ಎಸ್‌ಎಚ್ ಅನ್ನು ಬೇರೆ ಪೋರ್ಟ್‌ಗೆ ಸರಿಸಿ, ಜೈಲಿನಲ್ಲಿ ಪೋರ್ಟ್ ಸಂಖ್ಯೆ ಬದಲಿಸದಿದ್ದರೆ, ಅದು ಯಾರೂ ಇಲ್ಲದ 22ನೇ ಪೋರ್ಟನ್ನು ಶ್ರದ್ಧೆಯಿಂದ ಕಾಯುತ್ತಿರುತ್ತದೆ. ನಾನೇ ಒಮ್ಮೆ ಅರ್ಧ ದಿನ ಹುಡುಕಿದ ಮೇಲೆ ಕಂಡುಕೊಂಡ ಕಾರಣವಿದು.

ಇವೆಲ್ಲ ಸರಿಯಿದ್ದೂ ಪ್ರಯತ್ನಗಳು ನಿಲ್ಲದಿದ್ದರೆ, ನಿಮ್ಮ ಮೇಲಿರುವುದು ಮೊದಲು ಹೇಳಿದ ಹಂಚಿದ ದಾಳಿ. ಗಂಟೆಗೊಮ್ಮೆ ಒಂದು ಪಾಸ್‌ವರ್ಡ್ ಪ್ರಯತ್ನಿಸುವ ವಿಳಾಸವನ್ನು 10 ನಿಮಿಷದ ಲೆಕ್ಕ ಹಿಡಿಯಲಾರದು. ಲೆಕ್ಕದ ಅವಧಿಯನ್ನು ಒಂದು ದಿನಕ್ಕೆ ಹಿಗ್ಗಿಸಬಹುದು, ಮತ್ತೆ ಮತ್ತೆ ಬರುವವರಿಗೆ ತಡೆಯ ಅವಧಿ ಬೆಳೆಯುವಂತೆ ಮಾಡಬಹುದು. ಆದರೂ ಫೇಲ್‌ಟುಬ್ಯಾನ್ ಗದ್ದಲ ಕಡಿಮೆ ಮಾಡುವ ಸಾಧನ, ಕಾವಲಿನ ಪೂರ್ತಿ ಹೊಣೆಯನ್ನು ಅದರ ಮೇಲೆ ಹೊರಿಸಬಾರದು. ಪಾಸ್‌ವರ್ಡ್ ತೆರೆದಿಟ್ಟು ಫೇಲ್‌ಟುಬ್ಯಾನ್ ಒಂದನ್ನೇ ನಂಬಿರುವ ಸರ್ವರ್‌ಗಳನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಲಕ್ಷಣ: ನಮ್ಮವರೇ ಹೊರಗೆ ಸಿಕ್ಕಿಕೊಂಡಿದ್ದಾರೆ

ನಿನ್ನೆಯವರೆಗೆ ಬರುತ್ತಿದ್ದವರಿಗೆ ಇವತ್ತು ಸಂಪರ್ಕವೇ ಸಿಗದಿದ್ದರೆ, ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ಪ್ರಯತ್ನಿಸಲು ಹೇಳಿ. ಅಲ್ಲಿಂದ ಬಂದರೆ, ಅವರ ಕಚೇರಿಯ ವಿಳಾಸ ತಡೆಗೆ ಒಳಗಾಗಿದೆ ಎಂದರ್ಥ. ಕಚೇರಿಯವರೆಲ್ಲ ಒಂದೇ ಸಾರ್ವಜನಿಕ ವಿಳಾಸದಿಂದ ಹೊರಗೆ ಬರುವುದರಿಂದ, ಒಬ್ಬರು ಪಾಸ್‌ವರ್ಡ್ ಮರೆತರೆ ಇಪ್ಪತ್ತು ಜನರಿಗೂ ಬಾಗಿಲು ಮುಚ್ಚುತ್ತದೆ. ಫೇಲ್‌ಟುಬ್ಯಾನ್ ಕ್ಲೈಂಟಿನ ‘ಅನ್‌ಬ್ಯಾನ್ ಐಪಿ’ಯಿಂದ ಆ ವಿಳಾಸವನ್ನು ಬಿಡಿಸಿ. ಕಚೇರಿಗೆ ಬದಲಾಗದ ಸ್ಥಿರ ವಿಳಾಸವಿದ್ದರೆ ಮಾತ್ರ ಅದನ್ನು ‘ಇಗ್ನೋರ್ ಐಪಿ’ ಪಟ್ಟಿಗೆ ಸೇರಿಸಿ. ದಿನವೂ ಬದಲಾಗುವ ವಿಳಾಸವನ್ನು ಸೇರಿಸಿದರೆ ನಾಳೆ ಅದು ಯಾರದ್ದೋ ಆಗಿರುತ್ತದೆ.

ಪಾಸ್‌ವರ್ಡ್ ಬಳಸದೆ ಕೀ ಬಳಸುವವರೂ ತಡೆಗೆ ಸಿಕ್ಕುವುದುಂಟು. ಒಬ್ಬರ ಕಂಪ್ಯೂಟರ್‌ನಲ್ಲಿ ಏಳೆಂಟು ಕೀಗಳಿದ್ದರೆ, ಎಸ್‌ಎಸ್‌ಎಚ್ ಅವುಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ; ಸರ್ವರ್ ಮೂಲತಃ 6 ಪ್ರಯತ್ನಗಳಿಗೆ ಸಾಕುಮಾಡಿ, ‘ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್’ ಎಂದು ಕಳಿಸಿಬಿಡುತ್ತದೆ. ಆ ಕಂಪ್ಯೂಟರ್‌ನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಈ ಸರ್ವರ್‌ಗೆ ಯಾವ ಕೀ ಎಂದು ಬರೆದು, ‘ಐಡೆಂಟಿಟೀಸ್ ಓನ್ಲಿ’ಯನ್ನು ‘ಯೆಸ್’ ಮಾಡಿದರೆ ಸರಿಹೋಗುತ್ತದೆ. ಸರ್ವರ್ ಬದಿಯಲ್ಲಿ ಆ 6ನ್ನು 20ಕ್ಕೆ ಏರಿಸುವುದು ಸುಲಭವೆನಿಸಿದರೂ ಮಾಡಬೇಡಿ. ಫೇಲ್‌ಟುಬ್ಯಾನ್‌ನಲ್ಲಿ ಏನೂ ಕಾಣದಿದ್ದು ಸರ್ವರ್‌ನಲ್ಲಿರುವುದು ಓಪನ್ ಎಸ್‌ಎಸ್‌ಎಚ್ 9.8 ಅಥವಾ ಅದಕ್ಕಿಂತ ಹೊಸದಾಗಿದ್ದರೆ, ತಡೆದದ್ದು ಎಸ್‌ಎಸ್‌ಎಚ್ ತಾನೇ ಇರಬಹುದು: ಮತ್ತೆ ಮತ್ತೆ ಸೋಲುವ ವಿಳಾಸಗಳನ್ನು ಸ್ವಲ್ಪ ಹೊತ್ತು ದೂರವಿಡುವ ‘ಪರ್ ಸೋರ್ಸ್ ಪೆನಾಲ್ಟೀಸ್’ ಅದರಲ್ಲಿ ಮೂಲತಃ ಚಾಲ್ತಿಯಲ್ಲಿರುತ್ತದೆ. ಕಾದರೆ ತಾನಾಗಿ ಬಿಡುತ್ತದೆ.

ಲಕ್ಷಣ: ಲಾಗಿನ್ ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ

ಒಮ್ಮೆ ಸಂಪರ್ಕ ಕಡಿದು, ಎರಡನೇ ಸಲ ಸರಾಗವಾಗಿ ಬಂದರೆ, ನೆಟ್‌ವರ್ಕ್ ಅನ್ನು ದೂರುವ ಮುನ್ನ ಲಾಗ್‌ನಲ್ಲಿ ‘ಮ್ಯಾಕ್ಸ್ ಸ್ಟಾರ್ಟಪ್ಸ್’ ಎಂಬ ಪದ ಹುಡುಕಿ. ಇನ್ನೂ ಲಾಗಿನ್ ಮುಗಿಸದ ಸಂಪರ್ಕಗಳು 10 ದಾಟಿದರೆ ಎಸ್‌ಎಸ್‌ಎಚ್ ಹೊಸದಾಗಿ ಬರುವವರಲ್ಲಿ ನೂರಕ್ಕೆ 30 ಜನರನ್ನು ಯಾದೃಚ್ಛಿಕವಾಗಿ ತಿರಸ್ಕರಿಸುತ್ತದೆ. ಸಂಖ್ಯೆ ಬೆಳೆದಂತೆ ತಿರಸ್ಕಾರವೂ ಬೆಳೆದು, 100 ಮುಟ್ಟಿದಾಗ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ದಾಳಿಕೋರರು ಆ ಜಾಗವನ್ನೆಲ್ಲ ತುಂಬಿಕೊಂಡಿದ್ದಾರೆ. ಲಾಗಿನ್ ಮುಗಿಸಲು ಕೊಡುವ 120 ಸೆಕೆಂಡುಗಳ ಗಡುವನ್ನು 30ಕ್ಕೆ ಇಳಿಸಿದರೆ ಜಾಗ ಬೇಗ ಖಾಲಿಯಾಗುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಬಳಸುವವರು ‘ಲಿಮಿಟ್’ ನಿಯಮ ಹಾಕಿದರೆ, ಒಂದೇ ವಿಳಾಸದಿಂದ 30 ಸೆಕೆಂಡಿನಲ್ಲಿ 6 ಸಂಪರ್ಕಗಳಾದಾಗ ತಡೆ ಬೀಳುತ್ತದೆ.

ಡಿಸ್ಕ್ ತುಂಬುತ್ತಿದ್ದರೆ ಲಾಗ್ ಫೋಲ್ಡರ್‌ನ ‘ಬಿಟಿಎಂಪಿ’ ಫೈಲ್‌ನ ಗಾತ್ರ ನೋಡಿ. ಸೋತ ಲಾಗಿನ್‌ಗಳು ಸೇರುವ ಜಾಗ ಅದು. ಸಾಕ್ಷ್ಯ ಬೇಕಿಲ್ಲವೆಂದು ಖಚಿತವಾದ ಮೇಲೆಯೇ ಖಾಲಿ ಮಾಡಿ.

ಲಕ್ಷಣ: ಪೋರ್ಟ್ ಬದಲಿಸಿದ ಮೇಲೆ ಸಂಪರ್ಕವೇ ಇಲ್ಲ

22ರ ಬದಲು ಬೇರೆ ಪೋರ್ಟ್ ಬಳಸಿದರೆ ಲಾಗ್‌ನ ಗದ್ದಲ ಇಳಿಯುತ್ತದೆ. ಆದರೆ ಹುಡುಕಿಕೊಂಡು ಬರುವವರಿಗೆ ಹೊಸ ಪೋರ್ಟ್ ಸಿಗುವುದು ನಿಮಿಷಗಳ ಕೆಲಸ. ಇದನ್ನು ಮಾಡಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಮಾಡಿ ಸಿಕ್ಕಿಕೊಂಡಿದ್ದರೆ ಕನ್ಸೋಲ್‌ನಿಂದ ಒಳಗೆ ಹೋಗಿ ಮೂರು ಕಡೆ ನೋಡಿ. ಫೈರ್‌ವಾಲ್‌ನಲ್ಲಿ ಹೊಸ ಪೋರ್ಟ್ ತೆರೆದಿದೆಯೇ, ಕ್ಲೌಡ್ ಕಂಪನಿಯ ಪ್ರತ್ಯೇಕ ಫೈರ್‌ವಾಲ್‌ನಲ್ಲೂ ತೆರೆದಿದೆಯೇ ಎಂಬುದು ಮೊದಲನೆಯದು. ಉಬುಂಟು 22.10ರಿಂದ ಎಸ್‌ಎಸ್‌ಎಚ್‌ಗಾಗಿ ಪೋರ್ಟ್‌ನಲ್ಲಿ ಕಾಯುವ ಕೆಲಸ, ಸೇವೆಗಳನ್ನು ನಡೆಸುವ ಸಿಸ್ಟಂಡಿಯ ‘ಎಸ್‌ಎಸ್‌ಎಚ್ ಸಾಕೆಟ್’ನದ್ದು, ಸಿಸ್ಟಂಡಿಗೆ ಮತ್ತೆ ಓದಲು ಹೇಳಿ, ಆ ಸಾಕೆಟನ್ನೂ ಮರುಪ್ರಾರಂಭಿಸಬೇಕೆಂಬುದು ಎರಡನೆಯದು. ರೆಡ್‌ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಹೊಸ ಪೋರ್ಟ್‌ಗೆ ಒಪ್ಪಿಗೆ ಕೊಟ್ಟಿರುವುದಿಲ್ಲ, ‘ಎಸ್‌ಇಮ್ಯಾನೇಜ್’ನಿಂದ ಅದನ್ನು ಎಸ್‌ಎಸ್‌ಎಚ್ ಪೋರ್ಟ್‌ಗಳ ಪಟ್ಟಿಗೆ ಸೇರಿಸಬೇಕೆಂಬುದು ಮೂರನೆಯದು. ಇದಕ್ಕಾಗಿ ಎಸ್‌ಇಲಿನಕ್ಸ್ ಅನ್ನೇ ಪೂರ್ತಿ ನಿಲ್ಲಿಸಬೇಡಿ.

ಪೋರ್ಟ್ ಬದಲಿಸುವುದಕ್ಕಿಂತ ಗಟ್ಟಿಯಾದ, ಆದರೆ ಹೆಚ್ಚು ಶ್ರಮ ಬೇಡುವ ದಾರಿಯೆಂದರೆ, ಎಸ್‌ಎಸ್‌ಎಚ್ ಅನ್ನು ಇಂಟರ್ನೆಟ್‌ಗೆ ತೋರಿಸದೆ ವೈರ್‌ಗಾರ್ಡ್‌ನಂತಹ ವಿಪಿಎನ್ (ನಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ಜಾಲ) ಹಿಂದೆ ಇಡುವುದು. 2020ರ ಲಿನಕ್ಸ್ 5.6ರಿಂದ ವೈರ್‌ಗಾರ್ಡ್ ಕರ್ನಲ್‌ನಲ್ಲೇ ಇದೆ. ಬದಲಾಗುವ ವಿಳಾಸಗಳಿಂದ ಕೆಲಸ ಮಾಡುವ ನಮ್ಮಂತಹವರಿಗೆ, ವಿಳಾಸಗಳ ಪಟ್ಟಿ ಕಾಪಾಡುವುದಕ್ಕಿಂತ ಇದು ಹೊಂದುತ್ತದೆ.

ಲಕ್ಷಣ: ಒಳಗೆ ಯಾರೋ ಬಂದಿದ್ದಾರೆ

ಗುರುತಿಲ್ಲದ ಯಶಸ್ವಿ ಲಾಗಿನ್ ಜೊತೆಗೆ ಇವುಗಳಲ್ಲಿ ಯಾವುದಾದರೂ ಕಂಡರೆ ಅನುಮಾನಕ್ಕೆ ಜಾಗವಿಲ್ಲ: ಕಾರಣವಿಲ್ಲದೆ ನೂರಕ್ಕೆ ನೂರು ಓಡುತ್ತಿರುವ ಪ್ರೊಸೆಸರ್, ನಿಮ್ಮದಲ್ಲದ ಕೀ ‘ಆಥರೈಸ್ಡ್ ಕೀಸ್’ ಫೈಲ್‌ನಲ್ಲಿ, ನೀವು ಹಾಕದ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ಸಾಲು, ರೂಟ್ ಅಲ್ಲದೆ ಬಳಕೆದಾರ ಸಂಖ್ಯೆ 0 ಇರುವ ಇನ್ನೊಂದು ಖಾತೆ, ತಾತ್ಕಾಲಿಕ ಫೋಲ್ಡರ್‌ಗಳಿಂದ ಓಡುತ್ತಿರುವ ಪ್ರೋಗ್ರಾಂ, ಅಥವಾ ನಿಮ್ಮ ಸರ್ವರ್ ದಾಳಿ ಮಾಡುತ್ತಿದೆ ಎಂಬ ದೂರು.

ಇಲ್ಲಿ ಸ್ವಂತ ರಿಪೇರಿ ನಿಲ್ಲಿಸಿ. ಕ್ಲೌಡ್ ಕಂಪನಿಯ ಫೈರ್‌ವಾಲ್‌ನಿಂದ ಸರ್ವರ್‌ನ ಸಂಪರ್ಕ ಕಡಿಯಿರಿ, ಆದರೆ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಕುರುಹು ಅಳಿಯುತ್ತದೆ. ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ. ಆ ಸರ್ವರ್‌ನಲ್ಲಿ ಕುಳಿತು ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಅದರೊಳಗಿದ್ದ ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಕೀ, ಇತರ ಸರ್ವರ್‌ಗಳ ಎಸ್‌ಎಸ್‌ಎಚ್ ಕೀ ಎಲ್ಲವೂ ಸೋರಿವೆ ಎಂದೇ ಭಾವಿಸಿ, ಬೇರೆ ಸ್ವಚ್ಛ ಕಂಪ್ಯೂಟರ್‌ನಿಂದ ಬದಲಿಸಿ. ಭದ್ರತೆಯಲ್ಲಿ ಅನುಭವವಿರುವವರನ್ನು ಕರೆಯಬೇಕಾದ ಹೊತ್ತೂ ಇದೇ, ಅದರಲ್ಲೂ ಜನರ ವೈಯಕ್ತಿಕ ಮಾಹಿತಿ ಸರ್ವರ್‌ನಲ್ಲಿದ್ದರೆ.

ಭಾರತದಲ್ಲಿ ಸರ್ವರ್ ನಡೆಸುವ ಸಂಸ್ಥೆಗಳಿಗೆ ಕಾನೂನಿನ ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂತಹ ಅತಿಕ್ರಮಣ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ತಿಂಗಳಿಗೊಮ್ಮೆ ಲಾಗ್ ಅಳಿಸುವ ವ್ಯವಸ್ಥೆಯಿದ್ದರೆ ಈಗಲೇ ಬದಲಿಸಿ, ಸಾಧ್ಯವಾದರೆ ಲಾಗ್‌ಗಳನ್ನು ಇನ್ನೊಂದು ಯಂತ್ರಕ್ಕೂ ಕಳಿಸಿ. ಒಳಗೆ ಬಂದವರು ಮೊದಲು ಅಳಿಸುವುದು ತಮ್ಮ ಹೆಜ್ಜೆಗುರುತನ್ನೇ.

ನಂತರ ಸರ್ವರನ್ನು ಶುಚಿಗೊಳಿಸುವ ಯತ್ನ ಬೇಡ, ಹೊಸದಾಗಿ ಕಟ್ಟಿ. ಬ್ಯಾಕಪ್‌ನಿಂದ ಡೇಟಾ ಮಾತ್ರ ತನ್ನಿ, ಪ್ರೋಗ್ರಾಂಗಳನ್ನು ಮೂಲದಿಂದಲೇ ಸ್ಥಾಪಿಸಿ, ಮತ್ತು ಆ ಬ್ಯಾಕಪ್ ಮೊದಲ ಅಪರಿಚಿತ ಲಾಗಿನ್‌ನ ತಾರೀಖಿಗಿಂತ ಹಿಂದಿನದೇ ಎಂದು ಲಾಗ್ ಜೊತೆ ಹೋಲಿಸಿ ನೋಡಿ. ಹೊಸ ಸರ್ವರ್‌ನ 22ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆಯುವ ಮೊದಲೇ ಪಾಸ್‌ವರ್ಡ್ ಲಾಗಿನ್ ಮುಚ್ಚಿರಲಿ, ಹಳೆಯ ಕೀಗಳಲ್ಲಿ ಒಂದೂ ಅಲ್ಲಿಗೆ ಹೋಗದಿರಲಿ. ತೆರೆದ ಮೇಲಿನ ಮೊದಲ ವಾರ ದಿನಕ್ಕೊಮ್ಮೆ ‘ಆಕ್ಸೆಪ್ಟೆಡ್’ ಸಾಲುಗಳನ್ನು ಓದಿ, ಪ್ರತಿಯೊಂದರ ಎದುರು ಬಂದವರ ಹೆಸರು ಬರೆದಿಡಿ.